ಮನೆಯ ಟೈಮ್ ಬದಲಾದಾಗ ಫಾಸ್ಟರ್ ನಾಯಿಗೆ ಏನಾಗುತ್ತದೆ?

(ನಾಯಿಗಳನ್ನು ಫಾಸ್ಟರ್ ಮಾಡಲು, ಅಂದರೆ ಕಾಯಂ ಮನೆ ಸಿಗುವವರೆಗೆ ತಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳಲು, ಮುಂದೆ ಬಂದವರಿಗಾಗಿ ಬೆಂಗಳೂರಿನಲ್ಲಿ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಫಾಸ್ಟರ್ ನಾಯಿ ಮನೆಗೆ ಬಂದ ಮೊದಲ ಮೂರು ದಿನ ಹೇಗಿರಬೇಕು ಅನ್ನೋದನ್ನ ನಿಮಗೆ ಈಗಾಗಲೇ ಯಾರಾದರೂ ಹೇಳಿರುತ್ತಾರೆ. ಒಂದು ಮೂಲೆ ಕೊಡಿ, ಸುಮ್ನೆ ಬಿಡಿ, ಮೇಲೆ ಬಿದ್ದು ಮುದ್ದು ಮಾಡಬೇಡಿ. ಸರಿಯಾದ ಮಾತೇ. ಆದರೆ ನನಗೆ ಬರುವ ಫೋನ್‌ಗಳು ಆ ಮೂರು ದಿನದವಲ್ಲ. ನಾಯಿ ಬಂದು ಒಂದೆರಡು ತಿಂಗಳಾದ ಮೇಲೆ ಬರುವಂಥವು. "ಅಕ್ಕಾ, ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತು. ಹೋದ ವಾರದಿಂದ ಏನಾಗಿದೆಯೋ ಗೊತ್ತಿಲ್ಲ. ಹಾಲ್‌ನಲ್ಲೇ ಉಚ್ಚೆ ಹೊಯ್ಯುತ್ತೆ, ಬಾಗಿಲು ಕೆರೆಯುತ್ತೆ." ಮನೇಲಿ ಏನಾದ್ರೂ ಬದಲಾಯ್ತಾ ಅಂತ ಕೇಳಿದರೆ "ಏನೂ ಇಲ್ವಲ್ಲ" ಅನ್ನುತ್ತಾರೆ. ಇನ್ನೊಂದು ಸಲ ಕೇಳಿದರೆ ಒಂದೊಂದಾಗಿ ಹೊರಗೆ ಬರುತ್ತದೆ. ಯಜಮಾನರಿಗೆ ಮತ್ತೆ ಆಫೀಸಿಗೆ ಬನ್ನಿ ಅಂದಿದ್ದಾರೆ. ಮಗಳಿಗೆ ಪರೀಕ್ಷೆ ಮುಗಿದು ರಜೆ ಶುರುವಾಗಿದೆ. ಊರಿಂದ ಬಂದಿದ್ದ ಅಮ್ಮ ವಾಪಸ್ ಹೋಗಿದ್ದಾರೆ. ನಮಗೆ ಇದೆಲ್ಲ ಏನೂ ಅಲ್ಲ. ನಾಯಿಗೆ ಮಾತ್ರ ಇಡೀ ದಿನವೇ ತಲೆಕೆಳಗಾಗಿರುತ್ತದೆ.

ಮೊದಲು, ಫಾಸ್ಟರ್‌ಗೆ ಬರೋ ನಾಯಿಗಳು ಯಾವುವು ಅಂತ ನೋಡೋಣ. 2023ರಲ್ಲಿ ಬಿಬಿಎಂಪಿ ಮಾಡಿಸಿದ ಸಮೀಕ್ಷೆಯ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಇಷ್ಟೂ ನಾಯಿಗಳಿಗೆ ಫಾಸ್ಟರ್ ಮನೆ ಬೇಕಾಗಿಲ್ಲ. ಬಹಳಷ್ಟು ನಾಯಿಗಳು ತಮ್ಮ ಬೀದಿಯಲ್ಲೇ, ತಮಗೆ ಅನ್ನ ಹಾಕುವವರ ಮಧ್ಯೆಯೇ ಬದುಕುತ್ತವೆ. ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಅನ್ನೋದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಮೂಲ ಕಲ್ಪನೆ. ನಮ್ಮ ಮನೆಗೆ ಬರುವುದು ಹಾಗೆ ಬಿಡಲಾಗದ ನಾಯಿಗಳು. ಗಾಡಿ ಮೈಮೇಲೆ ಹತ್ತಿ ಕಾಲು ಮುರಿದವು, ತಾಯಿ ಕಳೆದುಕೊಂಡ ಮರಿಗಳು, ಯಾರೋ ಸಾಕಿ ಬೇಡ ಅಂತ ರಾತ್ರಿ ಗೇಟಿಗೆ ಕಟ್ಟಿ ಹೋದ ಲ್ಯಾಬ್ರಡಾರ್‌ಗಳು. ಅಂದರೆ ನಿಮ್ಮ ಮನೆಗೆ ಬರುವ ಹೊತ್ತಿಗೆ ಅದರ ದಿನಚರಿ ಒಂದು ಸಲ ಆಗಲೇ ಮುರಿದು ಬಿದ್ದಿದೆ.

ಬೀದಿ ನಾಯಿಗೆ ಎಂಥಾ ದಿನಚರಿ ಅಂತ ಕೆಲವರು ನಗುತ್ತಾರೆ. ಸ್ವಲ್ಪ ದಿನ ಒಂದೇ ಬೀದಿಯನ್ನು ಗಮನಿಸಿ ನೋಡಿ. ಬೆಳಗಿನ ಜಾವ ಮತ್ತು ಸಂಜೆ ಓಡಾಟ ಜಾಸ್ತಿ. ಮಧ್ಯಾಹ್ನ ಕಾರಿನ ಕೆಳಗೆ ನಿದ್ದೆ. ಟೀ ಅಂಗಡಿ ಷಟರ್ ಎತ್ತುವ ಹೊತ್ತು, ಕೋಳಿ ಅಂಗಡಿಯವರು ಕಸ ಹೊರಗೆ ಹಾಕುವ ಹೊತ್ತು, ಸ್ಕೂಲ್ ವ್ಯಾನ್ ಬರುವ ಹೊತ್ತು, ಎಲ್ಲ ಗೊತ್ತು ಅದಕ್ಕೆ. ಮನುಷ್ಯರ ಟೈಮನ್ನು ಅಷ್ಟು ಚೆನ್ನಾಗಿ ಓದುವ ಪ್ರಾಣಿ ಇನ್ನೊಂದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಬೀದಿಯಲ್ಲಿ ಟೀ ಅಂಗಡಿ ಮುಚ್ಚಿದ್ದರೆ ಅದು ಮುಂದಿನ ಬೇಕರಿಗೆ ಹೋಗುತ್ತದೆ. ಉಚ್ಚೆ ಬಂದರೆ ಹೊಯ್ಯುತ್ತದೆ. ಗಲಾಟೆ ಅನಿಸಿದರೆ ಎದ್ದು ಹೋಗುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇದ್ಯಾವುದೂ ಅದರ ಕೈಯಲ್ಲಿಲ್ಲ. ಅನ್ನ, ನೀರು, ಬಾಗಿಲು, ಲಿಫ್ಟು, ಎಲ್ಲ ನಮ್ಮ ಕೈಯಲ್ಲಿ. ಹಾಗಾಗಿ ನಮ್ಮ ಟೈಮ್ ಏರುಪೇರಾದರೆ ಅದಕ್ಕೆ ಬೇರೆ ದಾರಿ ಇರುವುದಿಲ್ಲ. ಗಾಬರಿಯ ಬೇರು ಇರೋದು ಇಲ್ಲಿ. ಪ್ರೀತಿ ಕಮ್ಮಿಯಾಯ್ತು ಅಂತಲ್ಲ.

ಸರಿ, ನಾಯಿಗೆ ಟೈಮ್ ಹೇಗೆ ಗೊತ್ತಾಗುತ್ತದೆ? ಸ್ವಲ್ಪ ಮಟ್ಟಿಗೆ ಹೊಟ್ಟೆ ಹೇಳುತ್ತದೆ. ದಿನವೂ ಒಂದೇ ಹೊತ್ತಿಗೆ ಅನ್ನ ಹಾಕಿದರೆ ಆ ಹೊತ್ತಿಗೆ ಸ್ವಲ್ಪ ಮುಂಚೆಯೇ ಮೈ ಎಚ್ಚರವಾಗುತ್ತದೆ. ಹೊತ್ತು ಕಳೆದದ್ದೂ ಅದಕ್ಕೆ ತಿಳಿಯುತ್ತದೆ. 2011ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ನಾಯಿಗಳನ್ನು ಒಂದು ಸಲ ಅರ್ಧ ಗಂಟೆ, ಒಂದು ಸಲ ಎರಡು ಗಂಟೆ, ಇನ್ನೊಂದು ಸಲ ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು, ಮನೆಯವರು ವಾಪಸ್ ಬಂದಾಗ ಹೇಗೆ ಎದುರುಗೊಳ್ಳುತ್ತವೆ ಅಂತ ನೋಡಿದರು. ಅರ್ಧ ಗಂಟೆಗಿಂತ ಎರಡು ಗಂಟೆಯ ನಂತರದ ಸಂಭ್ರಮ ಜಾಸ್ತಿ ಇತ್ತು. ಎರಡಕ್ಕೂ ನಾಲ್ಕಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. "ಹಾಗಾದ್ರೆ ಎರಡು ಗಂಟೆ ಆದ್ಮೇಲೆ ಎಷ್ಟು ಹೊತ್ತು ಬಿಟ್ರೂ ಒಂದೇ" ಅಂತ ಇದನ್ನು ಓದಿದವರೊಬ್ಬರು ನನಗೆ ಹೇಳಿದರು. ಇಲ್ಲ ಸ್ವಾಮಿ, ಉಚ್ಚೆ ಚೀಲಕ್ಕೆ ಈ ಪ್ರಯೋಗ ಗೊತ್ತಿಲ್ಲ.

ಆದರೆ ಹೊಟ್ಟೆಗಿಂತ ಜಾಸ್ತಿ ಕೆಲಸ ಮಾಡೋದು ಸೂಚನೆಗಳು. ಪಾವ್ಲೋವ್ ಹೆಸರು ಕೇಳಿರುತ್ತೀರಿ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ. ಅನ್ನ ಬಾಯಿಗೆ ಬೀಳುವ ಮುಂಚೆಯೇ, ಅನ್ನ ತರುವವರನ್ನು ನೋಡಿದರೇ ನಾಯಿಗಳು ಜೊಲ್ಲು ಸುರಿಸುವುದು ಅವರ ಕಣ್ಣಿಗೆ ಬಿತ್ತು. ಅದು ಎಲ್ಲರಿಗೂ ಗೊತ್ತಿರೋ ಕಥೆ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಇನ್ನೊಂದು. 1924ರಲ್ಲಿ ಲೆನಿನ್‌ಗ್ರಾಡ್‌ಗೆ ದೊಡ್ಡ ಪ್ರವಾಹ ಬಂತು. ಪಾವ್ಲೋವ್ ಅವರ ನಾಯಿಗಳಿದ್ದ ಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ಈಜಿಸಿಕೊಂಡು ಹೊರಗೆ ತರಬೇಕಾಯಿತು. ಬದುಕಿ ಬಂದ ಎಷ್ಟೋ ನಾಯಿಗಳಲ್ಲಿ ಅಲ್ಲಿಯವರೆಗೆ ಕಲಿತದ್ದು ಅಳಿಸಿಹೋದಂತೆ ಆಗಿತ್ತು. ಮತ್ತೆ ನಿಧಾನವಾಗಿ ಕಲಿಸಬೇಕಾಯಿತು. ಹಾಗೆ ಸರಿಹೋದ ಮೇಲೂ ಒಂದು ನಾಯಿಯ ಕೋಣೆಯ ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಯಬಿಟ್ಟರೆ ಸಾಕು, ಅದು ಮತ್ತೆ ಕಂಗಾಲಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಪ್ರವಾಹವೇನೂ ಬಂದಿಲ್ಲ. ಆದರೂ "ಹೊರಗೆ ಹೋಗೋದನ್ನ ಕಲಿತಿತ್ತು, ಈಗ ಬೇಕಂತಲೇ ಒಳಗೆ ಮಾಡ್ತಿದೆ" ಅಂತ ಸಿಟ್ಟು ಬಂದಾಗ ಆ ನಾಯಿಗಳನ್ನು ನೆನೆಸಿಕೊಳ್ಳಿ. ಹೆದರಿಕೆಯಲ್ಲಿ ಕಲಿತದ್ದು ಜಾರಿಹೋಗುತ್ತದೆ. ಬೇಕಂತಲೇ ಅನ್ನೋದು ಅಲ್ಲಿ ಇಲ್ಲ.

ಈಗ ನಮ್ಮ ಮನೆಗೆ ಬಂದಿದ್ದ ಕೆಂಚಿಯ ವಿಷಯ ಹೇಳುತ್ತೇನೆ. ಕೆಂಪು ಬಣ್ಣದ ಇಂಡಿ, ಅಂದರೆ ನಮ್ಮ ನಾಡ ನಾಯಿ, ಹಿಂದಿನ ಕಾಲು ಮುರಿದು ರಾಡ್ ಹಾಕಿದ್ದರು. ಕಾಲು ಕೂಡುವವರೆಗೆ ಅಂತ ಬಂದವಳು. ನನ್ನವರು ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅತ್ತೆಯೂ ಜೊತೆಯಲ್ಲಿದ್ದರು. ಕೆಂಚಿಯ ಬೆಳಗು ಹೀಗಿತ್ತು. ಹಾಲಿನ ಪ್ಯಾಕೆಟ್ ಬಾಗಿಲ ಚೀಲಕ್ಕೆ ಬಿದ್ದ ಸದ್ದಾದರೆ ಒಂದು ಕಿವಿ ಎತ್ತುತ್ತಿದ್ದಳು. ಬೆಲ್ಟ್ ತೆಗೆದರೆ ಮೈ ಮುರಿದು ಏಳುತ್ತಿದ್ದಳು. ಕೆಳಗೆ ಹೋಗಿ ಬಂದು ನೀರು ಕುಡಿದು, ದೇವರ ಮನೆಯ ಹೊಸ್ತಿಲ ಆಚೆ ಮುಂಗಾಲು ಜೋಡಿಸಿಕೊಂಡು ಕೂರುತ್ತಿದ್ದಳು. ಅತ್ತೆ ಗಂಟೆ ಬಾರಿಸಿ ಮಂಗಳಾರತಿ ಮಾಡಿದ ಮೇಲೆ ಒಂದು ಚೂರು ಬಾಳೆಹಣ್ಣು ಸಿಗುತ್ತಿತ್ತು. ಗಂಟೆ ಆರೂವರೆಗೆ ಬಾರಿಸಿದರೂ ಎಂಟಕ್ಕೆ ಬಾರಿಸಿದರೂ ಅವಳಿಗೆ ತಕರಾರಿರಲಿಲ್ಲ. ಗಂಟೆ ಬಾರಿಸಿದರೆ ಬಾಳೆಹಣ್ಣು, ಅಷ್ಟೇ. (ಮಧ್ಯದಲ್ಲಿ ಒಂದು ಮಾತು: ಪ್ರಸಾದದ ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ಕೊಡಲೇಬೇಡಿ. ಕಿಡ್ನಿ ಕೆಡುತ್ತದೆ. ಈರುಳ್ಳಿ, ಚಾಕೊಲೇಟೂ ಬೇಡ.)

ಆಮೇಲೆ ಅತ್ತೆ ನಾದಿನಿಯ ಬಾಣಂತನಕ್ಕೆ ಅಂತ ಹಾಸನಕ್ಕೆ ಹೊರಟರು. ನಾನು ಪೂಜೆ ಮಾಡೋದು ದೀಪ ಹಚ್ಚಿ ಕೈ ಮುಗಿಯೋವಷ್ಟೇ. ಗಂಟೆ ನಿಂತಿತು. ಅದೇ ಸಮಯಕ್ಕೆ ನನ್ನವರ ಆಫೀಸೂ ಶುರುವಾಯಿತು. ಕೆಂಚಿ ದೇವರ ಮನೆ ಮುಂದೆ ಕೂತೇ ಇರುತ್ತಿದ್ದಳು. ಬಟ್ಟಲಿಗೆ ಅನ್ನ ಹಾಕಿದರೂ ಏಳುತ್ತಿರಲಿಲ್ಲ. ಅತ್ತೆಗೆ ಫೋನ್ ಮಾಡಿದಾಗ ಅವರು, "ಅವಳಿಗೆ ಇನ್ನೂ ಬೆಳಗಾಗಿಲ್ಲ ಕಣಮ್ಮ, ಗಂಟೆ ಬಾರಿಸಿ ಹಣ್ಣು ಕೊಡು, ಆಮೇಲೆ ಅನ್ನ ತಿಂತಾಳೆ" ಅಂದರು. ಹಾಗೇ ಆಯಿತು. ನಾಯಿ ತರಬೇತಿಯ ಬಗ್ಗೆ ನಾನು ಓದಿದ್ದೆಲ್ಲ ಒಂದು ಕಡೆ, ಅತ್ತೆಯ ಈ ಒಂದು ಮಾತು ಒಂದು ಕಡೆ.

ಇವತ್ತು ನಿಮಗೆ ಹೇಳಬೇಕು ಅಂತ ಬಂದದ್ದೂ ಇದನ್ನೇ. ನಾಯಿ ಹಿಡಿದುಕೊಂಡಿರುವುದು ಗಡಿಯಾರವನ್ನಲ್ಲ, ಒಂದಾದ ಮೇಲೆ ಒಂದು ಬರುವ ಸರದಿಯನ್ನು. ಟೈಮ್ ಬದಲಾಗಲಿ, ಸರದಿ ಬದಲಾಗದಂತೆ ನೋಡಿಕೊಳ್ಳಿ. ವಾಕಿಂಗ್, ನೀರು, ಊಟ, ನಿದ್ದೆ, ಇದೇ ಸಾಲು. ವಾಕಿಂಗ್ ಆರು ಗಂಟೆಯಿಂದ ಏಳೂವರೆಗೆ ಹೋಗಬೇಕಾದರೆ ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ತಳ್ಳಿ. ಹಾಗೆ ತಳ್ಳಲು ಪುರುಸೊತ್ತಿಲ್ಲದಿದ್ದರೆ ಸಾಲನ್ನಾದರೂ ಕಾಪಾಡಿ.

ಬೆಂಗಳೂರಿನಲ್ಲಿ ಈಗ ಜಾಸ್ತಿ ಕಾಣುವ ತೊಂದರೆ ಹೈಬ್ರಿಡ್ ಕೆಲಸದ್ದು. 2020ರ ಮಾರ್ಚ್ ಲಾಕ್‌ಡೌನ್ ಆದಮೇಲೆ ತುಂಬಾ ಮನೆಗಳಿಗೆ ನಾಯಿ ಬಂದವು. ಮನೆಯಲ್ಲಿ ಯಾವಾಗಲೂ ಜನ. ಆಮೇಲೆ ಆಫೀಸ್ ತೆರೆದವು. ದಿನವೂ ಒಂಬತ್ತಕ್ಕೆ ಹೋಗಿ ಆರಕ್ಕೆ ಬರುವವರ ನಾಯಿಗಳು ಒಂದು ಲೆಕ್ಕಕ್ಕೆ ಬೇಗ ಸುಧಾರಿಸಿಕೊಂಡವು. ವಾರದಲ್ಲಿ ಮೂರು ದಿನ ಆಫೀಸು, ಯಾವ ಮೂರು ದಿನ ಅನ್ನೋದು ಹಿಂದಿನ ರಾತ್ರಿ ಮೇಲ್‌ನಲ್ಲಿ ಗೊತ್ತಾಗೋದು, ಇಂಥ ಮನೆಗಳ ನಾಯಿಗಳಿಗೆ ಕಷ್ಟ. ಒಂದೇ ಬ್ಯಾಗು, ಒಂದೇ ಲ್ಯಾಪ್‌ಟಾಪು. ಜಿಪ್ ಎಳೆದ ಸದ್ದು ಒಂದು ದಿನ ಡೈನಿಂಗ್ ಟೇಬಲ್‌ಗೆ ಹೋಗುತ್ತದೆ, ಇನ್ನೊಂದು ದಿನ ಬಾಗಿಲಿಗೆ. ಕೆಂಚಿ ಆ ಜಿಪ್ ಸದ್ದಿಗೇ ಏದುಸಿರು ಬಿಡಲು ಶುರು ಮಾಡಿದ್ದಳು.

ಇದಕ್ಕೆ ಎರಡು ಕೆಲಸ ಮಾಡಿದೆವು. ಮೊದಲನೆಯದು, ಹೆದರಿಸುವ ಸೂಚನೆಗಳನ್ನು ಸಪ್ಪೆ ಮಾಡೋದು. ಭಾನುವಾರ ಸುಮ್ನೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕಾಫಿ ಕುಡಿಯೋದು. ಶೂ ಹಾಕಿಕೊಂಡು ಪಾತ್ರೆ ತೊಳೆಯೋದು. ಗಾಡಿ ಕೀ ತಗೊಂಡು ಟಿವಿ ಮುಂದೆ ಕೂರೋದು. ನೆಂಟರು ಬಂದಾಗ ವಿಚಿತ್ರವಾಗಿ ನೋಡುತ್ತಿದ್ದರು, ಇರಲಿ. ಎರಡನೆಯದು, ಹೋಗುವ ದಿನಕ್ಕೆ ಮಾತ್ರ ಅಂತ ಒಂದು ಹೊಸ ಸೂಚನೆ ಕಟ್ಟೋದು. ಅವಳ ಚಾಪೆಯನ್ನು ಅಡುಗೆಮನೆ ಪಕ್ಕ ಹಾಸಿ, ರಾಗಿ ಗಂಜಿಯಲ್ಲಿ ಚಿಕನ್ ಕಲಸಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿದ ಬಟ್ಟಲನ್ನು ಇಟ್ಟು, "ಬರ್ತೀನಿ" ಅಂತ ಒಂದೇ ಮಾತು ಹೇಳಿ ಹೊರಡೋದು. ಮೊದಲು ಕಸ ಹಾಕಿ ಬರೋವಷ್ಟು ಹೊತ್ತು. ಆಮೇಲೆ ಅಂಗಡಿಗೆ. ಆಮೇಲೆ ಅರ್ಧ ದಿನ. ಈ ಬೆಳೆಸುವ ಕೆಲಸ ಆಫೀಸ್ ಶುರುವಾಗುವ ಮುಂಚೆ ಮಾಡಬೇಕು. ಆದರೆ ಬಹಳ ಜನ ಆಫೀಸಿಗೆ ಹೊರಡುವ ದಿನವೇ ಶುರು ಮಾಡುತ್ತಾರೆ.

ಹೋದಮೇಲೆ ಏನಾಗುತ್ತದೆ ಅಂತ ಊಹಿಸಬೇಡಿ. ಹಳೇ ಫೋನ್ ಒಂದನ್ನು ಶೆಲ್ಫ್ ಮೇಲಿಟ್ಟು ವಿಡಿಯೋ ಮಾಡಿ. ಚಪ್ಪಲಿ ಕಡಿದು, ಬಟ್ಟಲು ನೆಕ್ಕಿ, ಮಲಗಿದರೆ ಅದು ಬೇಜಾರು. ಅದಕ್ಕೆ ಅಗಿಯೋಕೆ ಏನಾದ್ರೂ ಕೊಟ್ಟು, ಹೊರಡುವ ಮುಂಚೆ ನಿಧಾನವಾಗಿ ಮೂಸಿಕೊಂಡು ಓಡಾಡಲು ಬಿಟ್ಟರೆ ಸಾಕು. ಬಾಗಿಲು ಬಿಟ್ಟು ಕದಲದೆ, ಜೊಲ್ಲು ಸುರಿಸುತ್ತಾ, ಇಟ್ಟ ಚಿಕನ್ ಕಡೆ ತಿರುಗಿಯೂ ನೋಡದೆ ಅಲ್ಲೇ ಅತ್ತಿಂದಿತ್ತ ಓಡಾಡಿದರೆ ಅದು ಬೇರೆ. ಅದು ನಿಜವಾದ ಭಯ. ಅಂಥ ನಾಯಿಯನ್ನು "ಅಭ್ಯಾಸ ಆಗುತ್ತೆ ಬಿಡಿ" ಅಂತ ಬಿಟ್ಟರೆ ಅಭ್ಯಾಸ ಆಗುವುದಿಲ್ಲ, ಜಾಸ್ತಿಯಾಗುತ್ತದೆ. ಆ ದಿನಗಳಿಗೆ ಪಕ್ಕದ ಮನೆಯವರೋ, ನಿಮ್ಮ ಗುಂಪಿನ ಇನ್ನೊಬ್ಬ ಫಾಸ್ಟರೋ ಬೇಕು. ಕೆಲವು ನಾಯಿಗಳಿಗೆ ಡಾಕ್ಟರ ಔಷಧವೂ ಬೇಕಾಗುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು ಎಚ್ಚರಿಕೆ. ಎಲ್ಲದಕ್ಕೂ ದಿನಚರಿಯನ್ನೇ ದೂರಬೇಡಿ. ಇದ್ದಕ್ಕಿದ್ದಂತೆ ಒಳಗೆ ಉಚ್ಚೆ ಹೊಯ್ಯುವುದು ಮೂತ್ರದ ಸೋಂಕೂ ಇರಬಹುದು. ಮಂಕಾಗಿ ಊಟ ಬಿಟ್ಟರೆ ನಮ್ಮೂರಲ್ಲಿ ಮೊದಲು ನೆನಪಾಗಬೇಕಾದದ್ದು ಉಣ್ಣಿ ಹುಳ ಕಚ್ಚಿ ಬರುವ ಜ್ವರ, ಎಲ್ಲರೂ ಟಿಕ್ ಫೀವರ್ ಅನ್ನುತ್ತಾರಲ್ಲ, ಅದು. "ಅಮ್ಮ ಊರಿಗೆ ಹೋದ್ರು, ಅದಕ್ಕೆ ಬೇಜಾರು" ಅಂತ ದಿನಗಟ್ಟಲೆ ಕಾಯುವುದು ಬೇಡ. ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರ ಹತ್ತಿರ ಹೋಗಿ. ಮರಿಯಾದರೆ ಅಷ್ಟೂ ಕಾಯಬೇಡಿ.

ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನೋ ಲೆಕ್ಕ ನೀವೆಲ್ಲ ಕೇಳಿದ್ದೀರಿ. ನಾಯಿ ಹೊಸ ಮನೆಗೆ ಹೊಂದಿಕೊಳ್ಳಲು ಎಷ್ಟು ದಿನ ಬೇಕು ಅನ್ನೋದಕ್ಕೆ ರೆಸ್ಕ್ಯೂ ಮಾಡುವವರ ಅನುಭವದಿಂದ ಬಂದ ಅಂದಾಜು ಅದು. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಜನ ಅದನ್ನು ಗಡುವು ಮಾಡಿಕೊಂಡಿದ್ದಾರೆ. ಮೂರು ತಿಂಗಳಾಯ್ತು, ಇನ್ನೂ ಸರಿಹೋಗಿಲ್ಲ ಅಂತ ವಾಪಸ್ ಕೊಡುವವರಿದ್ದಾರೆ. ನಿಮ್ಮ ಮನೆಯ ಟೈಮ್ ಮಧ್ಯದಲ್ಲಿ ಬದಲಾದರೆ ಆ ಲೆಕ್ಕದ ಒಂದಷ್ಟು ಭಾಗ ಮತ್ತೆ ಮೊದಲಿಂದ ಶುರು.

ಈಗ ಫಾಸ್ಟರ್‌ನವರಿಗೆ ಮಾತ್ರ ಅನ್ವಯಿಸುವ ಮಾತು. ಸಾಕಿದ ನಾಯಿ ನಿಮ್ಮ ಮನೆಗೆ ಹೊಂದಿಕೊಂಡರೆ ಸಾಕು. ಫಾಸ್ಟರ್ ನಾಯಿ ನಿಮ್ಮ ಮನೆ ಬಿಟ್ಟು ಹೋಗಲೇಬೇಕು. ಮುಂದಿನ ಮನೆಯ ಟೈಮ್ ಬೇರೆಯೇ ಇರುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಆದಮೇಲೆ ತೀರಾ ಕರಾರುವಾಕ್ಕಾಗಿ ಇರಬೇಡಿ. ಊಟ ಏಳಕ್ಕೂ ಬರಲಿ, ಎಂಟಕ್ಕೂ ಬರಲಿ. ಒಂದು ದಿನ ನೀವು ಹಾಕಿ, ಒಂದು ದಿನ ಮಗ ಹಾಕಲಿ. ಸರದಿ ಮಾತ್ರ ಅದೇ ಇರಲಿ. ಚಾಪೆ, "ಬರ್ತೀನಿ" ಅನ್ನೋ ಮಾತು, ಮಲಗುವ ಮುಂಚೆ ಕಿವಿ ಹಿಂದೆ ತುರಿಸುವುದು, ಇವೆಲ್ಲ ನಾಯಿಯ ಜೊತೆ ಮುಂದಿನ ಮನೆಗೆ ಹೋಗಬಲ್ಲವು. ದೇವರ ಮನೆ ಹೋಗೋಕಾಗಲ್ಲ ಅಲ್ವಾ?

ಮುಟ್ಟುವುದರ ಬಗ್ಗೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಅಧ್ಯಯನ ಆಗಿದೆ. ಕೋಲ್ಕತ್ತಾದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯವರು ಬೀದಿ ನಾಯಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ್ದು. ಅಪರಿಚಿತರು ಮತ್ತೆ ಮತ್ತೆ ಬಂದು ತಿಂಡಿ ಕೊಟ್ಟಾಗ ಮೂಡಿದ ನಂಬಿಕೆಗಿಂತ, ತಲೆ ಸವರಿದಾಗ ಮೂಡಿದ ನಂಬಿಕೆ ಜಾಸ್ತಿ ಗಟ್ಟಿಯಾಗಿತ್ತು. ಹಸಿದ ಬೀದಿ ನಾಯಿಗೂ ಬಿಸ್ಕತ್ತಿಗಿಂತ ಕೈ ಮುಖ್ಯವಾಗಿತ್ತು ಅಂದರೆ ಯೋಚನೆ ಮಾಡಿ.

ಕೆಂಚಿಯನ್ನು ದತ್ತು ತಗೊಂಡದ್ದು ತುಮಕೂರಿನ ಒಬ್ಬ ನರ್ಸ್. ಅವರಿಗೆ ಶಿಫ್ಟ್ ಡ್ಯೂಟಿ. ಒಂದು ವಾರ ಬೆಳಗು, ಒಂದು ವಾರ ರಾತ್ರಿ. ಇಂಥ ಮನೆ ಬೇಡ ಅಂತ ನಮ್ಮ ಗುಂಪಿನಲ್ಲೇ ಕೆಲವರು ಅಂದರು. ಆದರೆ ಆ ನರ್ಸ್ ಡ್ಯೂಟಿಯಿಂದ ಬಂದು ಯಾವ ಹೊತ್ತಿಗಾದರೂ ಅದೇ ಸಾಲು ಹಿಡಿಯುತ್ತಾರೆ: ಬೆಲ್ಟು, ಕೆಳಗೆ, ನೀರು, ಊಟ, ಚಾಪೆ. ಮೊದಲ ವಾರಗಳಲ್ಲಿ ಸ್ವಲ್ಪ ಒದ್ದಾಡಿದಳು. ಈಗ ಬೆಳಗಿನ ಒಂಬತ್ತಕ್ಕೆ ಅವರ ಜೊತೆಗೇ ಗೊರಕೆ ಹೊಡೆಯುತ್ತಾಳೆ.

ಸಭೆಯಲ್ಲಿ ಬಂದ ಪ್ರಶ್ನೆಗಳು:

"ನಮಗೆ ಶನಿವಾರ, ಭಾನುವಾರ ಮಾತ್ರ ಬಿಡುವು. ಎರಡು ದಿನ ಕರ್ಕೊಂಡು ಬಂದು ಮತ್ತೆ ಶೆಲ್ಟರ್‌ಗೆ ಬಿಟ್ರೆ ಪಾಪ ಅಲ್ವಾ?"

ಈ ಸಂಕಟ ಎಲ್ಲರಿಗೂ ಇದೆ. ಅಮೆರಿಕದಲ್ಲಿ ಐದು ಶೆಲ್ಟರ್‌ಗಳ 207 ನಾಯಿಗಳ ಮೇಲೆ ಮಾಡಿದ ಅಧ್ಯಯನ ಒಂದು 2019ರಲ್ಲಿ ಪ್ರಕಟವಾಯಿತು. ಒಂದೆರಡು ರಾತ್ರಿ ಮನೆಯಲ್ಲಿದ್ದಾಗ ನಾಯಿಗಳ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ವಾಪಸ್ ಹೋದಮೇಲೆ ಮುಂಚೆ ಎಷ್ಟಿತ್ತೋ ಅಷ್ಟಕ್ಕೆ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಅಂದರೆ ನಾಯಿಗೆ ಎರಡು ದಿನ ಚೆನ್ನಾಗಿ ನಿದ್ದೆ ಆಯಿತು ಅಂದುಕೊಳ್ಳಿ. ನಮ್ಮ ಶೆಲ್ಟರ್‌ಗಳು ಅಲ್ಲಿನ ಹಾಗಿಲ್ಲ, ನಿಜ. ಆದರೂ ನಾನಂತೂ ಕರ್ಕೊಂಡು ಬನ್ನಿ ಅಂತಲೇ ಹೇಳುತ್ತೇನೆ. ತೀರಾ ಹೆದರುವ ನಾಯಿಯನ್ನು ಮಾತ್ರ ಹೀಗೆ ಓಡಾಡಿಸಬೇಡಿ.

"ದತ್ತು ಹೋದ ನಾಯಿಯನ್ನು ನೋಡೋಕೆ ಯಾವಾಗ ಹೋಗಬಹುದು?"

ಹೊಸ ಮನೆಯವರ ಜೊತೆ ಅದು ನಿರಾಳವಾಗಿ ಮಲಗುತ್ತಿದೆ ಅಂತ ಅವರೇ ಹೇಳುವವರೆಗೆ ಬೇಡ. ಫೋಟೋ ಕಳಿಸಲು ಕೇಳಿ. ನಿಮಗೆ ಅಳು ಬಂದರೆ ಅತ್ತುಬಿಡಿ, ಅದನ್ನು ಅಲ್ಲಿಗೆ ತಗೊಂಡು ಹೋಗಬೇಡಿ.

"ದೀಪಾವಳಿಗೆ ಏನು ಮಾಡೋದು?"

ಆ ಮೂರು ನಾಲ್ಕು ದಿನ ಟೈಮನ್ನು ನೀವೇ ಬದಲಾಯಿಸಿ. ಸಂಜೆಯ ವಾಕಿಂಗ್ ಕತ್ತಲಾಗುವ ಮುಂಚೆ ಮುಗಿಯಲಿ, ಊಟವೂ ಬೇಗ ಆಗಲಿ. ಹಬ್ಬದ ಹಿಂದಿನ ವಾರದಿಂದಲೇ ಸ್ವಲ್ಪ ಸ್ವಲ್ಪ ಹಿಂದಕ್ಕೆ ತನ್ನಿ. ಕಿಟಕಿ ಮುಚ್ಚಿ, ಫ್ಯಾನು, ಟಿವಿ ಹಾಕಿ, ಮಂಚದ ಕೆಳಗೆ ಹೋದರೆ ಎಳೆಯಬೇಡಿ. ಪಟಾಕಿ ಸದ್ದಿಗೆ ಬೆಚ್ಚಿ ಬೆಲ್ಟ್ ಕಿತ್ತುಕೊಂಡು ಓಡುವ ನಾಯಿಗಳು ಪ್ರತಿ ವರ್ಷ ಇರುತ್ತವೆ. ಅದರಲ್ಲೂ ಫಾಸ್ಟರ್ ನಾಯಿಗೆ ನಿಮ್ಮ ಏರಿಯಾ ಹೊಸದು, ವಾಪಸ್ ದಾರಿ ಗೊತ್ತಿರುವುದಿಲ್ಲ. ಕುತ್ತಿಗೆ ಪಟ್ಟಿ, ಹಾರ್ನೆಸ್ ಎರಡೂ ಹಾಕಿ. ಪಟ್ಟಿಯ ಮೇಲೆ ಯಾರ ಫೋನ್ ನಂಬರ್ ಇದೆ ಅಂತ ಇವತ್ತೇ ಮನೆಗೆ ಹೋಗಿ ನೋಡಿ. ಎಷ್ಟೋ ಸಲ ಹಿಂದಿನ ಫಾಸ್ಟರ್‌ದೇ ಇರುತ್ತದೆ.